ಪರದೆಯಾಚೆಯ ಪಾದಗಳು

ನಾನು ಹಾಡತೊಡಗಿದರೆ ಸಾಕು, ಅಡುಗೆಮನೆಯ ಪರದೆಯ ಕೆಳಗೆ ಎರಡು ಪಾದಗಳು ಬಂದು ನಿಲ್ಲುತ್ತಿದ್ದವು. ಬಾಯಿ ಮುಚ್ಚಿದೊಡನೆ ಸದ್ದಿಲ್ಲದೆ ಹಿಂದೆ ಸರಿಯುತ್ತಿದ್ದವು. ಅವು ನನ್ನ ಗಂಡ ಗಜಾನನರ ಪಾದಗಳು.

ಆ ಕಾವಲಿಗೆ ಕಾರಣವಿರಲಿಲ್ಲವೆಂದು ಹೇಳಲಾರೆ. ನನ್ನದು ಬೈಪೋಲಾರ್ ಕಾಯಿಲೆ. ಮನಸ್ಸು ಕೆಲವು ಕಾಲ ಎಲ್ಲೆ ಮೀರಿ ಉಕ್ಕುತ್ತದೆ, ಆಮೇಲೆ ಕುಸಿದು ತಳ ಸೇರುತ್ತದೆ. ಒಮ್ಮೆ ಸಂಗೀತ ಶಾಲೆ ತೆರೆಯುತ್ತೇನೆಂದು ಮೂರು ದಿನ ನಿದ್ದೆಯಿಲ್ಲದೆ ಹಾಡುತ್ತಾ, ಜಾಗ ಸಾಲದೆಂದು ಮನೆಯ ಸಾಮಾನನ್ನೆಲ್ಲ ಬೀದಿಗೆ ಹೊತ್ತು ಹಾಕಿದ್ದೆ. ಅದಾದ ಮೇಲೆ ನಾಲ್ಕು ತಿಂಗಳು ಹಾಸಿಗೆ ಬಿಟ್ಟೇಳಲಿಲ್ಲ. ಆಸ್ಪತ್ರೆಯ ವಾರ್ಡಿನಲ್ಲಿದ್ದು, ಮಾತ್ರೆಗಳಿಂದ ಚೇತರಿಸಿಕೊಂಡರೂ ನನ್ನ ನಗು ಮೊದಲಿನ ನಗುವಾಗಿ ಉಳಿಯಲಿಲ್ಲ. ಮನೆಯಲ್ಲಿ ಅದು ರೋಗಲಕ್ಷಣವಾಗಿಬಿಟ್ಟಿತ್ತು.

ಆಸ್ಪತ್ರೆಯಲ್ಲಿ ಇಂದುಮತಿ ಎಂಬ ಮನಶ್ಶಾಸ್ತ್ರಜ್ಞೆ ಸಂಶೋಧನೆ ನಡೆಸುತ್ತಿದ್ದರು. ಮನಸ್ಸು ಹಗುರವಾದಾಗ ಅದಕ್ಕೆ ನಾವು ಯಾವ ಅರ್ಥ ಕೊಡುತ್ತೇವೆ, ಆ ಅರ್ಥವೇ ನಮ್ಮನ್ನು ಇನ್ನಷ್ಟು ಮೇಲಕ್ಕೋ ಕೆಳಕ್ಕೋ ತಳ್ಳುತ್ತದೆಯೇ ಎಂಬುದು ಅವರ ಪ್ರಶ್ನೆ. ನನಗೊಂದು ಪುಸ್ತಕ ಕೊಟ್ಟರು. ದಿನಕ್ಕೊಂದು ಘಟನೆ, ಆಗ ಹೊಳೆದ ಮೊದಲ ಯೋಚನೆ, ಇರಬಹುದಾದ ಬೇರೆ ಕಾರಣ, ಮನಸ್ಸಿಗೆ ಹತ್ತರಲ್ಲಿ ಎಷ್ಟು ಅಂಕ, ಇಷ್ಟನ್ನು ಬರೆಯಬೇಕಿತ್ತು.

ಮೊದಲ ವಾರ ಪ್ರಾಮಾಣಿಕವಾಗಿಯೇ ಬರೆದೆ. ಆಮೇಲೊಂದು ಬೆಳಿಗ್ಗೆ ಮನೆಯಲ್ಲಿ ನಮ್ಮವರ ಚೀಲದಿಂದ ಕನ್ನಡಕ ತೆಗೆಯಲು ಹೋದಾಗ ಅಂಥದ್ದೇ ಇನ್ನೊಂದು ಪುಸ್ತಕ ಕಣ್ಣಿಗೆ ಬಿತ್ತು. ಮುಟ್ಟುವಷ್ಟರಲ್ಲಿ ಇವರು ಬಂದು ಚೀಲವನ್ನು ಎಳೆದುಕೊಂಡರು.

"ಏನ್ರೀ ಅದು?"

"ಆಫೀಸಿಂದು," ಎಂದರು, ನನ್ನ ಮುಖ ನೋಡದೆ.

ಮರುದಿನ ಇವರು ತಡವಾಗಿ ಮನೆಗೆ ಬಂದಾಗ ಅಂಗಿಯಲ್ಲಿ ಆಸ್ಪತ್ರೆಯ ಫಿನಾಯಿಲ್ ವಾಸನೆಯಿತ್ತು. ನನಗೆ ಖಾತ್ರಿಯಾಯಿತು: ನನ್ನನ್ನು ಮತ್ತೆ ವಾರ್ಡಿಗೆ ಸೇರಿಸಲು ಇವರೂ ಇಂದುಮತಿಯೂ ಸೇರಿ ಸಾಕ್ಷಿ ಕೂಡಿಸುತ್ತಿದ್ದಾರೆ. ಅಂದಿನಿಂದ ಏನೇ ಆದರೂ ಮೇಲೂ ಅಲ್ಲದ, ಕೆಳಗೂ ಅಲ್ಲದ ಐದು ಅಂಕ ಹಾಕತೊಡಗಿದೆ. ಮೊದಲ ಯೋಚನೆ: ಏನೂ ಇಲ್ಲ.

ಮುಂದಿನ ಭೇಟಿಯಲ್ಲಿ ಇಂದುಮತಿ ಪುಟ ತಿರುವಿ ಹಾಕಿ ತಲೆಯೆತ್ತಿದರು. "ಹನ್ನೆರಡು ದಿನದಿಂದ ಬರೀ ಐದು. ಯಾರಿಗೆ ಹೆದರ್ಕೊಂಡು ಬರೀತಿದ್ದೀರಿ?"

"ನಿಮಗೇ ಮೇಡಂ. ನಮ್ಮವರ ಕೈಲೂ ನನ್ನ ಮೇಲೆ ಬರೆಸ್ಕೋತಿದ್ದೀರಲ್ಲ!"

ಅವರು ಪುಸ್ತಕ ಮುಚ್ಚಿದರು. "ಮನೆಯವರಿಗೂ ಒಂದು ಪುಸ್ತಕ ಕೊಟ್ಟಿರೋದು ನಿಜ. ನಿಮಗೆ ಮೊದಲೇ ಹೇಳ್ಬೇಕಿತ್ತು, ತಪ್ಪು ನಂದು. ಅದರಲ್ಲಿ ಏನಿದೆ ಅನ್ನೋದನ್ನ ಮಾತ್ರ ಅವರೇ ಹೇಳ್ಬೇಕು."

ಹೊರಗಿನ ಬೆಂಚಿನಲ್ಲಿ ನಮ್ಮವರು ಕುಳಿತಿದ್ದರು. "ನನಗೆ ಈ ಮಾತ್ರೆ, ಈ ಆಸ್ಪತ್ರೆ, ಎಲ್ಲಾ ಇವತ್ತಿಗೆ ಸಾಕು," ಎಂದೆ. "ಏನೇನು ದೂರು ಬರೆದುಕೊಟ್ರಿ?"

ಇವರು ಚೀಲದಿಂದ ಪುಸ್ತಕ ತೆಗೆದು ನನ್ನ ಕೈಗಿಟ್ಟರು. "ನಿನ್ನ ಬಗ್ಗೆ ಅಲ್ಲ ಕಣೇ. ಓದು."

'ಅವಳು ಹಾಡಿದಳು. ಮೊದಲ ಯೋಚನೆ: ಮತ್ತೆ ಶುರುವಾಯಿತು. ಬೇರೆ ಕಾರಣ: ಹಾಡು ನೆನಪಾಗಿರಬಹುದು. ಆಮೇಲೆ ಆದದ್ದು: ಅನ್ನ ಬಡಿಸಿದಳು. ನನ್ನ ಹೆದರಿಕೆ: ಎಂಟು.'

ಪುಟಗಳು ಸರಿದಂತೆ ಎಂಟು ಆರಾಗಿತ್ತು, ನಾಲ್ಕಾಗಿತ್ತು. ಕೊನೆಯದು ಹಿಂದಿನ ದಿನದ್ದು: 'ಪರದೆಯ ಹಿಂದೆ ನಿಂತೆ. ಇವತ್ತು ಹೆದರಿ ಅಲ್ಲ, ಕೇಳುವುದಕ್ಕೆ. ಆದರೂ ಅವಳು ನಿಲ್ಲಿಸಿಬಿಟ್ಟಳು.'

"ಆಫೀಸಿಂದು ಅಂತ ಯಾಕೆ ಸುಳ್ಳು ಹೇಳಿದ್ರಿ?"

"ನಾನೇ ಹೆದರಿದ್ದೀನಿ ಅಂತ ಗೊತ್ತಾದ್ರೆ ನಿನ್ನ ಗತಿ ಏನು ಅಂತ..." ಎಂದರು.

ಅನುಮಾನವೆಲ್ಲ ಅಂದೇ ತೊಲಗಿತೆಂದಲ್ಲ. ಆದರೆ ನಾನು ಒಳಗೆ ಹೋಗಿ, ಪೆನ್ನು ಕೇಳಿ ಪಡೆದು, ಹನ್ನೆರಡು ಸುಳ್ಳು ಐದುಗಳನ್ನೂ ಹೊಡೆದುಹಾಕಿದೆ. ಮುಂದಿನ ಭೇಟಿಯ ದಿನಾಂಕವನ್ನೂ ಬರೆಸಿಕೊಂಡು ಬಂದೆ.

ಆಸ್ಪತ್ರೆಯ ಹಿತ್ತಲಿನ ದಾರಿಯಲ್ಲಿ, ತಂತಿಯ ಮೇಲೆ ಒಣಹಾಕಿದ್ದ ಬಿಳಿಯ ಹೊದಿಕೆಗಳು ಗಾಳಿಗೆ ಉಬ್ಬುತ್ತಿದ್ದವು, ಇಳಿಯುತ್ತಿದ್ದವು, ಮತ್ತೆ ಉಬ್ಬುತ್ತಿದ್ದವು. ನಾವಿಬ್ಬರೂ ಅಲ್ಲೇ ನಿಂತು ನೋಡಿದೆವು.