ಜನವರಿಗೆ ಬನ್ನಿ

“ಇಲ್ಲ ಅಂದ್ರೆ ಇಲ್ಲ ಅಜ್ಜಿ. ಗಾಲಿಕುರ್ಚಿ ಬ್ಯಾಟರಿಗೆ ಅಂತ ಇಟ್ಟಿದ್ದ ದುಡ್ಡು ಈ ವರ್ಷಕ್ಕೆ ಮುಗೀತು. ಜನವರಿಗೆ ಬನ್ನಿ. ಅಲ್ಲೀತನಕ ಮನೇಲಿ ಬೆಚ್ಚಗೆ ಬಿದ್ಕೊಂಡಿರಿ. ಈ ಚಳೀಲಿ ನಿಮ್ಮಂಥೋರಿಗೆ ಊರು ಸುತ್ತೋ ಚಟ ಯಾಕೆ?”

ಅಧಿಕಾರಿ ಪ್ಯೋ ಮೂಗಿಗೆ ಕರವಸ್ತ್ರ ಒತ್ತಿಕೊಂಡೇ ಮಾತಾಡಿದ. ಒಕ್‌ಬುನ್‌ಳ ಕೈಯ ಬೆಳ್ಳುಳ್ಳಿ ವಾಸನೆ ಅವನಿಗಾಗದು. ಮಾರುಕಟ್ಟೆಯ ಕಿಮ್ಚಿ ಉಪ್ಪಿನಕಾಯಿ ಅಂಗಡಿಗಳಿಗೆ ಬೆಳ್ಳುಳ್ಳಿ ಸುಲಿದೇ ಮುದಿಯಾದ ಕೈ, ಇನ್ನೇನು ಗುಲಾಬಿ ಹಾಗೆ ಘಮಘಮ ಅನ್ನುತ್ತದೆಯೇ?

“ಬಿದ್ಕೊಂಡಿರ್ತೀನಿ ಬಿಡಪ್ಪ,” ಅಂದಳು ಒಕ್‌ಬುನ್. “ಹೊತ್ತೊತ್ತಿಗೆ ಗಂಜಿ ಹಿಡ್ಕೊಂಡು ನೀನ್ ಬತ್ತೀಯಾ? ಉಚ್ಚೆ ಬಂದ್ರೆ ಎತ್ಕೊಂಡ್ ಹೋಗ್ತೀಯಾ? ನಿನ್ ಸೊಂಟ ನೋಡಿದ್ರೆ ಅನುಮಾನ ಕಣಪ್ಪ.”

ಹಿಂದಿನ ಮೇಜಿನ ಹುಡುಗಿ ಕಿಸಕ್ಕನೆ ನಕ್ಕಳು. ಪ್ಯೋನ ಕಿವಿ ಕೆಂಪೇರಿತು. “ಮುಂದಿನೋರು!” ಎಂದು ಕೂಗಿದ.

ಕುರ್ಚಿಯ ತೋಳಿನ ಮೇಲೆ ಕೆಂಪು ದೀಪವೊಂದೇ ಉಳಿದು ಮಿಣುಕುತ್ತಿತ್ತು. ಇವತ್ತು ಮಾರುಕಟ್ಟೆ ಮುಟ್ಟಿಸಿದರೆ ಪುಣ್ಯ. ನಾಳೆಯಿಂದ ಬೆಳ್ಳುಳ್ಳಿ ಇಲ್ಲ, ಕೂಲಿ ಇಲ್ಲ, ಅನ್ನವೂ ಇಲ್ಲ. ಜನವರಿ ಬರುತ್ತದೆ, ಸರಿ. ಅಷ್ಟು ಹೊತ್ತಿಗೆ ಅಜ್ಜಿ ಇರಬೇಕಲ್ಲ!

ಹೊರಗೆ ಕಚೇರಿ ಮುಂದಿನ ಕಾಲುದಾರಿಯನ್ನೆಲ್ಲ ಕಿತ್ತು ಹಾಕಿದ್ದರು. ಒಂದು ಮೂಲೆಯೂ ಮುಕ್ಕಾಗದ ಕಲ್ಲುಗಳು ಲಾರಿ ಏರುತ್ತಿದ್ದವು. ಅಂಥವೇ ಹೊಸ ಕಲ್ಲುಗಳು ಇಳಿಯುತ್ತಿದ್ದವು. ಕಲ್ಲು ಹಾಸುತ್ತಿದ್ದ ಮಾನ್‌ಸಿಕ್ ಅವಳ ಓಣಿಯವನೇ.

“ಚೆನ್ನಾಗಿರೋದ್ನ ಯಾಕ್ಲಾ ಕೀಳ್ತಿದ್ದೀರಾ?”

“ಡಿಸೆಂಬರ್ ಅಲ್ವೇನಕ್ಕ! ಉಳಿದ ದುಡ್ಡು ಖರ್ಚು ಮಾಡ್ದಿದ್ರೆ ಬರೋ ವರ್ಸ ಕಮ್ಮಿ ಕೊಡ್ತಾರಂತೆ. ಅದಕ್ಕೆ ವರ್ಸಾ ವರ್ಸಾ ಈ ಕಲ್ಲಿನ ತಿಥಿ.”

“ಬ್ಯಾಟರಿಗಿಲ್ಲ, ಕಲ್ಲಿಗದೆ?”

“ಅದು ಬೇರೆ ಗಂಟಂತೆ ಕಣಕ್ಕ.”

“ಗಂಟು ಬೇರೆ ಬೇರೆ. ಬೋಳಿಮಕ್ಳು ಮಾತ್ರ ಅವ್ರೇ.”

ಮರಳಿನ ಮೇಲೆ ಹಾಸಿದ್ದ ಹಲಗೆಯ ಮೇಲೆ ಕುರ್ಚಿ ತೆವಳಿತು. ಸರಿಯಾಗಿ ಮುಂಬಾಗಿಲ ಎದುರಿಗೆ ಬಂದಾಗ ಒಕ್‌ಬುನ್ ನಿಂತಳು. ತಿರುಗಿ ಒಮ್ಮೆ ಕಚೇರಿ ನೋಡಿದಳು. ಆಮೇಲೆ ಬೆರಳು ಚಾಚಿ ಸ್ವಿಚ್ಚು ಆರಿಸಿದಳು. ಕೆಂಪು ದೀಪ ಹೋಯಿತು. ಮಾನ್‌ಸಿಕ್ ಅದನ್ನು ನೋಡಿದ. ನೋಡದವನ ಹಾಗೆ ಇನ್ನೊಂದು ಕಲ್ಲು ಎತ್ತಿಕೊಂಡ.

ಪ್ಯೋ ಏದುಸಿರು ಬಿಡುತ್ತ ಓಡಿಬಂದ. “ಅಜ್ಜಿ! ಹೊಸ ದಾರಿ ನೋಡೋಕೆ ದೊಡ್ಡ ಸಾಹೇಬ್ರು ಈಗ ಬರ್ತಿದ್ದಾರೆ. ತೆಗೀರಿ ಕುರ್ಚಿ!”

“ಬ್ಯಾಟರಿ ಸತ್ತೋಯ್ತಲ್ಲಪ್ಪ, ನಾನೇನ್ ಮಾಡ್ಲಿ?”

ಅವನು ಹಿಂದಿನಿಂದ ನೂಕಿದ. ಸ್ವಿಚ್ಚು ಆರಿದ ಕೂಡಲೇ ಗಾಲಿ ಕಚ್ಚಿಕೊಂಡಿತ್ತು, ಕುರ್ಚಿ ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಅವನ ಮಿರಿಮಿರಿ ಬೂಟು ಮರಳಲ್ಲಿ ಹೂತುಕೊಂಡಿತು. “ನೋಡ್ತಾ ನಿಂತಿದ್ದೀರೇನ್ರೋ? ಈ ಕುಂಟೀನ ಎತ್ತಿ ಆಚೆ ಹಾಕ್ರೋ!”

ಸುತ್ತಿಗೆಗಳ ಸದ್ದು ನಿಂತಿತು. ಒಬ್ಬರೂ ಕದಲಲಿಲ್ಲ. ಮಾನ್‌ಸಿಕ್ ಕೈಯ ಮರಳು ಕೊಡವಿಕೊಂಡು ನಿಧಾನಕ್ಕೆ ಹೇಳಿದ: “ನಮ್ಗೆ ಕಲ್ಲಿಗಷ್ಟೇ ಕೂಲಿ, ಸಾಮಿ. ಅಕ್ಕನ್ನ ಎತ್ತೋದು ಬೇರೆ ಗಂಟು.”

ಆಮೇಲೆ ಮತ್ತೆ ಮೊಣಕಾಲೂರಿದ. ಕಲ್ಲಿನ ಸಾಲು ಕುರ್ಚಿಯ ಗಾಲಿಯವರೆಗೆ ಬಂತು, ಗಾಲಿಯನ್ನು ಬಳಸಿಕೊಂಡು ಆಚೆ ಹೋಯಿತು.

ಕಪ್ಪು ಕಾರು ಬಂದು ನಿಂತಿತು. ಪ್ಯೋ ನಡು ಮುರಿದವನಂತೆ ಬಗ್ಗಿದ. ಒಕ್‌ಬುನ್ ಮಡಿಲ ಚೀಲದಿಂದ ಬೆಳ್ಳುಳ್ಳಿ ತೆಗೆದು ಸುಲಿಯತೊಡಗಿದಳು. ಸಿಪ್ಪೆ ಹೊಸ ಕಲ್ಲಿನ ಮೇಲೆಲ್ಲ ಹಾರಿತು.

“ಏನಮ್ಮ ಇದು? ಯಾವಾಗ ಏಳ್ತೀಯ ಇಲ್ಲಿಂದ?” ಇಳಿದು ಬಂದ ದೊಡ್ಡ ಸಾಹೇಬರು ಕೇಳಿದರು.

ಅವಳು ತಲೆ ಎತ್ತಲಿಲ್ಲ.

“ಜನವರಿಗೆ ಬನ್ನಿ, ಸಾಮಿ.”