ಹನೋರಾಳ ಬಟ್ಟೆಯ ಗಳ

ತೋಳು ಬೀಸುತ್ತಿದೆ, ಹಗ್ಗದ ಮೇಲೆ ಉಳಿದ ಒಂದೇ ಅಂಗಿಯದು, ಯಾರನ್ನೋ ಕರೆಯುವ ಹಾಗೆ — ಗಾಳಿಗೇನು, ಹನೋರಾ ಅಂದುಕೊಂಡಳು, ಇಂಗ್ಲಿಷರು ಹೋದರೂ ಬೀಸುತ್ತೆ, ನಮ್ಮವರು ಬಂದರೂ ಬೀಸುತ್ತೆ, ಐರ್ಲೆಂಡು ಇನ್ನು ನಮ್ಮದೇ ಅಂತೆ, ಬೆಳಿಗ್ಗೆ ತಾನೇ ವಾದ್ಯ ಬಾರಿಸಿಕೊಂಡು ರೈಲು ಹತ್ತಿದರು ದರಿದ್ರದವರು, ಹೋಗುವಾಗ ಬಾವುಟದ ಕಂಬಕ್ಕೂ ಗರಗಸ ಹಾಕಿ ಉರುಳಿಸಿ ಹೋದರು, ಎಂಥ ಹೊಟ್ಟೆಕಿಚ್ಚು! ಇದೇ ಬ್ಯಾರಕ್ಕಿನಲ್ಲಿ ಅಜ್ಜಿ ಕ್ರೈಮಿಯಾ ಯುದ್ಧಕ್ಕೆ ಹೊರಟವರ ಅಂಗಿ ಒಗೆದಳು, ಅಮ್ಮ ಆಫ್ರಿಕಾಕ್ಕೆ ಹೊರಟವರದು, ತಾನು ಫ್ರಾನ್ಸಿಗೆ ಹೊರಟವರದು, ಅದರಲ್ಲಿ ಗಂಡನದೂ ಒಂದು, ಅಂಗಿಯೂ ಹೋಯಿತು, ಗಂಡನೂ ಹೋದ, ತೊಟ್ಟಿ ಮಾತ್ರ ಅದೇ, ಬಟ್ಟೆಗೆ ಹಾಕುವ ನೀಲಿ ಅಂಟಿ ಬಿರಿದ ಬೆರಳೂ ಅದೇ — ಬಂದರು, ನಮ್ಮವರು ಬಂದರು, ಬೂಟಿನ ಸದ್ದು, ಹಸಿರು ಸಮವಸ್ತ್ರ, ಅವನಿದ್ದಾನೆಯೆ, ಇದ್ದಾನೆ, ಮುಂದಿನ ಸಾಲಿನಲ್ಲೇ ಮಗ ಕಾರ್ಮಕ್, ಬಡಕಲಾಗಿದ್ದಾನೆ, ಎರಡು ವರ್ಷ ಇಂಗ್ಲಿಷರ ಮೇಲೆ ಬಂದೂಕು ಹಿಡಿದು ಬೆಟ್ಟದಲ್ಲಿ ಅಡಗಿ ಏನು ತಿಂದನೋ, ಇತ್ತ ನೋಡೋ, ಒಂದೇ ಒಂದು ಸಲ — ನೋಡಲಿಲ್ಲ. ಮನೆ ಬಿಟ್ಟ ದಿನವೂ ನೋಡಲಿಲ್ಲ, ನಮ್ಮೋರ ಮನೆ ಸುಡೋರ ಅಂಗಿ ಒಗೀತೀಯಲ್ಲಮ್ಮ, ನಾಚ್ಕೆ ಆಗಲ್ವಾ, ಅಂದಿದ್ದ, ಒಗೆದೇ ಕಣೋ ನಿನ್ನ ಹೊಟ್ಟೆ ತುಂಬ್ಸಿದ್ದು, ಬೆವರಿಗೆ ಯಾವ ರಾಜನ ಮೊಹರು ಇರುತ್ತೆ, ಅಂದುಬಿಟ್ಟೆ, ಬಾಯಿಗೆ ಬೀಗ ಹಾಕಿಕೊಳ್ಳಬಾರದಿತ್ತೇ, ಅಂದಿನಿಂದ ಪ್ರತಿ ಸೋಮವಾರ ಅವನು ಬಿಟ್ಟುಹೋದ ಅಂಗಿಯನ್ನೂ ಸಿಪಾಯಿಗಳ ಅಂಗಿಗಳ ನಡುವೆ ಒಗೆದು ಹಾಕುತ್ತಾಳೆ, ಕೊಳೆಯೇ ಆಗದ ಅಂಗಿಯನ್ನು, ಹುಚ್ಚಿ, ಇವತ್ತು ಅದೊಂದೇ ಉಳಿದಿದೆ, ತೋಳು ಬೀಸುತ್ತಿರುವುದು ಅದೇ.

ಅಂಗಳದಲ್ಲಿ ಗಲಾಟೆ, ಕ್ಯಾಪ್ಟನ್ ಬಾವುಟವನ್ನು ಕಂಕುಳಲ್ಲಿಟ್ಟುಕೊಂಡು ಮೋಟು ಕಂಬವನ್ನೇ ಸುತ್ತುತ್ತಿದ್ದಾನೆ, ಊರೆಲ್ಲ ಗೇಟಿನ ಹೊರಗೆ ಕಾಯುತ್ತಿದೆ, ಪಕ್ಕದ ಮನೆಯ ಡೆಲಿಯಾ ಕೂಗುತ್ತಾಳೆ, ಚಿಮಣಿ ಮೇಲೆ ಹತ್ತಿ ಬಾವುಟ ಕೈಯಲ್ಲೇ ಹಿಡ್ಕೊಂಡು ನಿಂತ್ಕೊಳ್ಳಯ್ಯಾ ಕ್ಯಾಪ್ಟನ್ನೇ, ಎಲ್ಲರೂ ನಗುತ್ತಾರೆ, ಕಾರ್ಮಕ್ ನಗುವುದಿಲ್ಲ, ತಿರುಗಿದ, ಬರುತ್ತಿದ್ದಾನೆ, ಇತ್ತಲೇ, ದೇವರೇ, ಏಪ್ರನ್ ಒದ್ದೆ, ಕೂದಲು ಕೆದರಿದೆ, ಏನನ್ನಲಿ, ಚಹಾ ಕುಡೀತೀಯೇನೋ ಅನ್ನಲೇ, ತಪ್ಪಾಯ್ತು ಅನ್ನಲೇ — ಅಮ್ಮ, ಅಂದ. ಅಮ್ಮ! ಹಗ್ಗಕ್ಕೆ ಆಸರೆ ಕೊಟ್ಟಿರೋ ಆ ಗಳ ಬೇಕಿತ್ತು, ಬಾವುಟಕ್ಕೆ. ತಗೊಳ್ಳೋ, ತಗೋ, ನಿಂದೇ ಅಲ್ವೇನೋ, ಎರಡೂ ಕೈ ಚಾಚಿದಳು, ಅವನು ಗಳ ಕಿತ್ತ, ಹೆಗಲಿಗೇರಿಸಿದ, ತಿರುಗಿ ನೋಡದೆ ಓಡಿದ, ಬಾವುಟ ಏರಿತು, ಊರು ಕೂಗಿತು, ಅವಳೂ ಕೂಗಿದಳು, ಅಮ್ಮ ಅಂದನಲ್ಲ, ಅಷ್ಟು ಸಾಕು, ಸಾಕೇ, ಹಗ್ಗ ಜೋತುಬಿದ್ದಿದೆ, ಅಂಗಿ ಕೆಸರಿನಲ್ಲಿ, ಎದೆಯ ಮೇಲೆ ಅವನದೇ ಬೂಟಿನ ಗುರುತು, ಗಾಳಿ ಬೀಸುತ್ತಲೇ ಇದೆ, ತೋಳು ಮಾತ್ರ ಏಳುತ್ತಿಲ್ಲ, ತೋಳು —