ಮಣ್ಣಿಗೆ ಬಂದವರು

ವರ್ಲೀನಳ ಮನೆಯ ಫೋನಿಗೆ ಕಿವಿ ಮೂಡಿ ಆಗಲೇ ವರ್ಷವಾಗಿತ್ತು. ಎತ್ತಿದ ಕೂಡಲೇ ಕಟಕ್ ಎನ್ನುವುದು, ಆಮೇಲೆ ಯಾರೋ ಉಸಿರು ಬಿಗಿಹಿಡಿದು ಕೂತಂಥ ಮೌನ. ಡೆಟ್ರಾಯಿಟಿನ ಆ ಬೀದಿಯ ಕರಿಯ ಹೆಂಗಸರು ಮಾಡಿದ ಘೋರ ಅಪರಾಧವಾದರೂ ಏನು? ಚರ್ಚಿನ ನೆಲಮಾಳಿಗೆಯಲ್ಲಿ ಸೇರಿ, "ನಮ್ಮ ಮಕ್ಕಳನ್ನು ವಿಯೆಟ್ನಾಮಿನಲ್ಲಿ ಕೊಲ್ಲಿಸಬೇಡಿ, ಇಲ್ಲಿ ಪೊಲೀಸರ ಕೈಯಲ್ಲೂ ಕೊಲ್ಲಿಸಬೇಡಿ" ಎಂದು ಹಳೆಯ ದುಪ್ಪಟಿಯ ಮೇಲೆ ಬರೆದು ಬೀದಿಯಲ್ಲಿ ಹಿಡಿದು ನಿಂತರು. ಅಷ್ಟಕ್ಕೇ ಭೂಮಂಡಲ ಆಳುವ ಸರ್ಕಾರಕ್ಕೆ ನಡುಕ ಹುಟ್ಟಿತ್ತು.

"ಏನಪ್ಪಾ, ಊಟ ಆಯ್ತಾ?" ಎಂದು ವರ್ಲೀನ್ ಮೊದಲು ಕದ್ದು ಕೇಳುವವನನ್ನೇ ವಿಚಾರಿಸುತ್ತಿದ್ದಳು. "ನಮ್ಮನೇಲಿ ಹುರುಳಿಕಾಯಿ ಇನ್ನೂ ಬೆಂದಿಲ್ಲ. ಬರ್ಕೋ, ದೇಶಕ್ಕೆ ಉಪಯೋಗಕ್ಕೆ ಬರುತ್ತೆ." ಆ ಕಡೆ ಗೆಳತಿಯರು ಬಿದ್ದು ಬಿದ್ದು ನಗುತ್ತಿದ್ದರು. ನಗದೆ ಏನು ಮಾಡುವುದು? ಅತ್ತರೆ ಅದನ್ನೂ ಬರೆದುಕೊಳ್ಳುತ್ತಿದ್ದರು.

ನಗೆ ನಿಂತದ್ದು ಮಗ ಕ್ಲೈಡ್‌ಗೆ ಸೈನ್ಯದ ಕರೆ ಬಂದಾಗ. "ನಮ್ಮನ್ನ ನಾಯಿ ಥರ ನೋಡೋರಿಗಾಗಿ ನಾನ್ಯಾಕೆ ಇನ್ನೊಬ್ಬರ ಮಕ್ಕಳನ್ನ ಕೊಲ್ಲಲಮ್ಮಾ?" ಎಂದವನು ಹೋಗಲಿಲ್ಲ. ಹಿಡಿದರೆ ಐದು ವರ್ಷ ಜೈಲು. ಅಂದಿನಿಂದ ಚರ್ಚಿನ ಪಾದ್ರಿಯ ಭಾವಮೈದುನನ ಲಾಂಡ್ರಿಯ ಅಟ್ಟದಲ್ಲಿ ಅಡಗಿದ್ದ. ಎದುರಿಗೇ ನದಿ, ಆಚೆ ದಡವೇ ಕೆನಡಾ. ನದಿಯ ಕೆಳಗಿನ ಸುರಂಗದಲ್ಲಿ ಹೋಗುವ ಬಸ್ಸು ಹತ್ತಿದರೆ ಮುಗಿಯಿತು, ಅವನನ್ನು ಮುಟ್ಟುವವರಿಲ್ಲ. ಆದರೆ ಬಸ್ಸು ಹತ್ತುವ ಜಾಗದಲ್ಲಿ ಸರ್ಕಾರದ ಪತ್ತೇದಾರರು ಇಬ್ಬರು ಕಾದಿರುತ್ತಿದ್ದರು. ಒಬ್ಬ ಬೋಳುತಲೆಯವನು, ಇನ್ನೊಬ್ಬನ ಕಿವಿ ಸುಟ್ಟ ಬದನೆಕಾಯಿ. ಸರ್ಕಾರದವರಲ್ಲಿ ಕ್ಲೈಡನ ಮುಖ ಕಂಡು ಬಲ್ಲವರು ಆ ಇಬ್ಬರೇ.

ಒಂದು ಶನಿವಾರ ಬೆಳಗ್ಗೆ ಮಿಸಿಸಿಪ್ಪಿಯಿಂದ ತಂಗಿ ಓಪಲ್ ಫೋನು ಮಾಡಿದಳು.

"ಅಕ್ಕಾ, ಅವ್ವ ಹೋಗ್ಬಿಟ್ಳು ಕಣೇ."

ವರ್ಲೀನ್ ಫೋನಿಟ್ಟು ಅಡುಗೆಮನೆಯ ಕುರ್ಚಿಯಲ್ಲಿ ಕುಸಿದಳು. ಯಾರಿಗೂ ಹೇಳಲಿಲ್ಲ. ಮಗನಿಗೆ ಸುದ್ದಿ ಒಯ್ಯುತ್ತಿದ್ದ ಪಾದ್ರಿ ಊರಲ್ಲಿರಲಿಲ್ಲ. ಅಜ್ಜಿಯ ಮಡಿಲಲ್ಲೇ ಬೆಳೆದ ಕ್ಲೈಡ್‌ಗೆ ಇದನ್ನು ಹೇಗೆ ಮುಟ್ಟಿಸುವುದು, ಕೇಳಿದ ಮೇಲೆ ಅವನನ್ನು ಅಟ್ಟದಲ್ಲಿ ಹೇಗೆ ಹಿಡಿದಿಡುವುದು? ಅಳುವುದಕ್ಕೂ ಪುರುಸೊತ್ತಿಲ್ಲದೆ ಅದನ್ನೇ ಯೋಚಿಸುತ್ತ ಕೂತಳು.

ಮಧ್ಯಾಹ್ನ ಬಾಗಿಲು ಬಡಿದದ್ದು ಹೋರೇಸ್. ಅವರ ಸಂಘದಲ್ಲಿ ದುಪ್ಪಟಿ ಕಟ್ಟುವ, ಕುರ್ಚಿ ಜೋಡಿಸುವ, ಮುದುಕಿಯರನ್ನು ಕಾರಿನಲ್ಲಿ ಮನೆ ಮುಟ್ಟಿಸುವ ಒಳ್ಳೆಯ ಹುಡುಗ. ತನ್ನ ತವರಿನ ಕಡೆಯವನೆಂದು ಅವನನ್ನು ಸಂಘಕ್ಕೆ ಕರೆತಂದವಳೇ ವರ್ಲೀನ್. ಈಗ ಟೋಪಿ ಕಂಕುಳಲ್ಲಿ ಇಟ್ಟುಕೊಂಡಿದ್ದ. ಕೈಯಲ್ಲಿ ಬಟ್ಟೆ ಮುಚ್ಚಿದ ತಟ್ಟೆ.

"ವರ್ಲೀನಕ್ಕಾ, ಏನು ಹೇಳ್ಲಿ? ನಮ್ಮೋಳು ಕೇಕು ಮಾಡಿಕೊಟ್ಳು. ದೊಡ್ಡ ಜೀವ. ದೇವರ ಹತ್ರ ಹೋಯ್ತು ಅಂದ್ಕೊಳಿ."

ಅವಳು ಅವನ ಹೆಗಲ ಮೇಲೆ ತಲೆಯಿಟ್ಟು ಮೊದಲ ಸಲ ಗೊಳೋ ಎಂದು ಅತ್ತಳು. ಅವನೂ ಕಣ್ಣೊರೆಸಿಕೊಂಡ. ತಟ್ಟೆಯನ್ನು ಮೇಜಿನ ಮೇಲಿಟ್ಟು ಬಟ್ಟೆ ತೆಗೆದಳು. ಬೆಣ್ಣೆಯ ಕೇಕು, ಬಿಸಿ ಇನ್ನೂ ಆರಿರಲಿಲ್ಲ. ಸಾವಿನ ಮನೆಗೆ ಬರಿಗೈಯಲ್ಲಿ ಹೋಗಬಾರದು, ಸುದ್ದಿ ಕಿವಿಗೆ ಬಿದ್ದ ಗಳಿಗೆಯಲ್ಲೇ ಒಲೆ ಹಚ್ಚಬೇಕು. ಅವರ ಕಡೆ ಮಕ್ಕಳಿಗೆ ನಡೆಯುವುದು ಕಲಿಸುವ ಮುಂಚೆಯೇ ಇದನ್ನು ಕಲಿಸುತ್ತಾರೆ.

ಸುದ್ದಿ ಕಿವಿಗೆ ಬಿದ್ದ ಗಳಿಗೆ. ಯಾರ ಕಿವಿಗೆ?

ವರ್ಲೀನಳ ಅಳು ನಿಂತಿತು. ಬೀದಿಯಲ್ಲಿ ಒಂದು ನರಪಿಳ್ಳೆಗೂ ಗೊತ್ತಿಲ್ಲ. ಗೊತ್ತಿದ್ದದ್ದು ಅವಳಿಗೆ, ಓಪಲ್‌ಗೆ, ಮತ್ತೆ ಆ ಫೋನಿಗೆ. ಫೋನು ಕದ್ದು ಕೇಳಿದ ಧಣಿಗಳು ಹೋರೇಸನನ್ನು ಕಳಿಸಿದ್ದು ಮಗನ ಸುಳಿವು ತರಲಿಕ್ಕೆ. ಆದರೆ ಅವನ ತಾಯಿ ಕಲಿಸಿದ ಬುದ್ಧಿ ಎಲ್ಲಿ ಹೋದೀತು, ಕೈಯಲ್ಲಿ ಕೇಕು ಹಿಡಿಸಿ ಕಳಿಸಿತ್ತು.

"ಚರ್ಚಲ್ಲಿ ಯಾರೋ ಅಂತಿದ್ರು," ಎಂದ ಹೋರೇಸ್, ಕೇಳದೆಯೇ. "ಕ್ಲೈಡ್‌ಗೆ ತಿಳೀತಾ ಅಕ್ಕಾ? ಮಣ್ಣಿಗೆ ಬರ್ತಾನಾ?"

ಉಂಡ ಮನೆಯ ಗಳ ಹಿರಿಯುವ ಮುಂಡೇಮಗ! ಎಷ್ಟು ಭಾನುವಾರ ಈ ಮೇಜಿನಲ್ಲೇ ಕೂತು ಮೀನು ಚಪ್ಪರಿಸಿದ್ದಾನೆ. ಚಾಕು ಅವಳ ಕೈಯಲ್ಲೇ ಇತ್ತು. ಅದರಿಂದ ಕೇಕು ಕತ್ತರಿಸಿ ಅವನ ಮುಂದಿಟ್ಟಳು.

"ಬರದೆ ಇರ್ತಾನಾ ತಮ್ಮಾ? ತಲೆ ಹೋದ್ರೂ ಸರಿ, ಅಜ್ಜಿಗೆ ಹೆಗಲು ಕೊಡ್ತೀನಿ ಅಂತ ಕೂತಿದಾನೆ. ನೀನೂ ಬಾ. ಗಂಡಸ್ರು ಬೇಕು."

ಅವನು ಹೊರಟ ಮೇಲೆ ಓಪಲ್‌ಗೆ ಫೋನು ಮಾಡಿ ಅದನ್ನೇ ಹೇಳಿದಳು, ನಿಧಾನವಾಗಿ, ಬರೆದುಕೊಳ್ಳುವವನಿಗೆ ಕಷ್ಟವಾಗದ ಹಾಗೆ. "ಬುಧವಾರ ತಾನೇ? ಕ್ಲೈಡ್ ನೇರ ಸ್ಮಶಾನಕ್ಕೇ ಬರ್ತಾನೆ." ಓಪಲ್ ನಂಬಿದಳು. ಪಾದ್ರಿ ವಾಪಸು ಬಂದ ಮೇಲೆ ಅವನ ಕಿವಿಯಲ್ಲಿ ಮಾತ್ರ ಬೇರೆ ಮಾತು ಹೇಳಿದಳು: "ಬುಧವಾರ ಬೆಳಗ್ಗೆ ಸುರಂಗದ ಹತ್ರ ಆ ಇಬ್ಬರು ಇಲ್ಲದಿದ್ರೆ, ಹುಡುಗನ್ನ ಬಸ್ಸು ಹತ್ತಿಸಿ."

ಹೆತ್ತವಳ ಹೆಣವನ್ನು ಗಾಳಕ್ಕೆ ಸಿಕ್ಕಿಸುವ ಗತಿ ಯಾವ ಮಗಳಿಗೂ ಬರಬಾರದು. ಅವಳಿಗೆ ಬಂತು. ಬರುವಂತೆ ಮಾಡಿದವರ ವಂಶ ನಿರ್ವಂಶವಾಗಲಿ ಎಂದು ಮಿಸಿಸಿಪ್ಪಿಯವರೆಗೂ ಬಸ್ಸಿನಲ್ಲಿ ಶಪಿಸುತ್ತ ಹೋದಳು. ಪಕ್ಕದಲ್ಲಿ ಹೋರೇಸ್ ಬಾಯಿ ತೆರೆದುಕೊಂಡು ನಿದ್ದೆ ಹೊಡೆಯುತ್ತಿದ್ದ.

ಬುಧವಾರ ಪೆಟ್ಟಿಗೆ ಸ್ಮಶಾನದ ಬೇಲಿ ದಾಟಿತ್ತಷ್ಟೇ, ಮರಗಳ ಹಿಂದಿನಿಂದ ಬಂದರು. ಕೋಟು ತೊಟ್ಟವರು, ಜೊತೆಗೆ ಊರಿನ ಪೊಲೀಸರು.

"ಪೆಟ್ಟಿಗೆ ಕೆಳಗಿಡ್ರೋ! ಗಂಡಸರೆಲ್ಲ ಬೇಲಿ ಹತ್ರ! ಸೈನ್ಯದ ಚೀಟಿ ತೆಗೀರಿ!"

"ಸ್ವಾಮಿ, ಹೆಣ ಕೆಸರಲ್ಲಿ ಇಡೋಕಾಗುತ್ತಾ?" ಎಂದ ಊರ ಹಿರಿಯ ಪಾದ್ರಿ.

"ಮುಚ್ಚೋ ಬಾಯಿ, ಮುದುಕ."

ಪೆಟ್ಟಿಗೆಯನ್ನು ಕೆಸರಿನಲ್ಲೇ ಇಟ್ಟರು. ಹೆಗಲು ಕೊಟ್ಟ ಹುಡುಗರನ್ನೂ ಹಿಂದೆ ಬಂದವರನ್ನೂ ಬೇಲಿಗೆ ಮುಖ ಮಾಡಿ ಕೈಯೆತ್ತಿಸಿ ನಿಲ್ಲಿಸಿದರು. ಒಬ್ಬೊಬ್ಬನ ಗಲ್ಲ ಹಿಡಿದು ತಿರುಗಿಸಿ ನೋಡುತ್ತಿದ್ದವನ ತಲೆ ಬೋಳು. ಅವನ ಹಿಂದೆ ಇದ್ದವನ ಕಿವಿ ಸುಟ್ಟ ಬದನೆಕಾಯಿ.

ಇಬ್ಬರೂ ಬಂದಿದ್ದರು.

ಓಪಲ್ ವರ್ಲೀನಳ ರಟ್ಟೆ ಹಿಡಿದಳು. ಓಪಲಳ ಒಬ್ಬನೇ ಮಗ ಹಿಂದಿನ ವರ್ಷ ವಿಯೆಟ್ನಾಮಿನಿಂದ ಧ್ವಜ ಹೊದ್ದುಕೊಂಡು ಇದೇ ಸ್ಮಶಾನಕ್ಕೆ ಬಂದಿದ್ದ. "ಫೋನಲ್ಲಿ ಅಷ್ಟು ಬಿಡಿಸಿ ಬಿಡಿಸಿ ಹೇಳಿದ್ದು ಇದಕ್ಕಾ? ಇವರನ್ನ ನೀನೇ ಕರೆಸಿದ್ಯಾ? ಅವ್ವನ ಮಣ್ಣಿಗೆ?"

"ಹೌದು."

ಓಪಲ್ ಕೆನ್ನೆಗೆ ಬಾರಿಸಿದಳು. ಹೆಂಗಸರೆಲ್ಲ ತಿರುಗಿ ನೋಡಿದರು. ವರ್ಲೀನ್ ಕೆನ್ನೆ ಮುಟ್ಟಿಕೊಳ್ಳಲೂ ಇಲ್ಲ.

ಬೇಲಿಗೆ ಹೋಗದೆ ಉಳಿದ ಗಂಡಸು ಹೋರೇಸ್ ಒಬ್ಬನೇ. ಅವನನ್ನು ಯಾರೂ ಕರೆದಿರಲಿಲ್ಲ, ಚೀಟಿಯನ್ನೂ ಕೇಳಿರಲಿಲ್ಲ. ಅದು ಎಲ್ಲರ ಕಣ್ಣಿಗೂ ಬೀಳುತ್ತಿತ್ತು. ಅವನು ಬಗ್ಗಿ ಪೆಟ್ಟಿಗೆಯ ಹಿಡಿಗೆ ಕೈ ಹಾಕಿದ. "ಕೆಸರಿಂದ ಎತ್ತೋಣ ಅಕ್ಕಾ, ನಾನು..."

"ಕೈ ತೆಗಿ!" ವರ್ಲೀನಳ ಕೂಗಿಗೆ ಪೊಲೀಸರೂ ತಿರುಗಿದರು. "ಕೇಳ್ರಮ್ಮಾ, ನನ್ನ ಮನೇಲಿ ಉಂಡು ನನ್ನ ಮಗನ್ನ ಮಾರಿದೋನು ಇವನೇ! ನಮ್ಮವ್ವನ್ನ ಮುಟ್ಟಿದ್ರೆ ಕೈ ಮುರೀತೀನಿ ಕಣೋ. ಹೋಗು, ನಿನ್ನ ಧಣಿಗಳ ಹತ್ರ ನಿಂತ್ಕೋ!"

ಹೋರೇಸ್ ಹಿಡಿ ಬಿಟ್ಟ. ಹೆಂಗಸರು ಸರಿದು ದಾರಿ ಬಿಟ್ಟರು. ಅವನು ಹೋಗಿ ಕೋಟು ತೊಟ್ಟವರ ಪಕ್ಕ ನಿಂತ. ಅವರೂ ಅವನಿಂದ ಒಂದು ಹೆಜ್ಜೆ ದೂರ ಸರಿದರು.

ಪೆಟ್ಟಿಗೆ ಕೆಸರಲ್ಲಿತ್ತು, ಹೊರುವ ಗಂಡಸರೆಲ್ಲ ಬೇಲಿಯ ಬಳಿ ಕೈಯೆತ್ತಿ ನಿಂತಿದ್ದರು. ಓಪಲ್ ಅವರತ್ತ ನೋಡಿದಳು, ಬೋಳುತಲೆಯವನತ್ತ ನೋಡಿದಳು, ಅಕ್ಕನ ಹತ್ತಿರ ಬಂದಳು.

"ಹುಡುಗ ದಾಟಿದ್ನಾ?" ಎಂದಳು, ಮೆಲ್ಲಗೆ.

"ಅವನನ್ನ ಹಿಡಿಯೋರು ಇಬ್ಬರೂ ಇಲ್ಲೇ ಇದಾರೆ."

ಓಪಲ್ ಮೂಗೊರೆಸಿಕೊಂಡು, ಶೋಕದ ಕೈಗವಸು ಕಳಚಿ ಬದಿಗೆ ಬಿಸುಟು, ಕೆಸರಿನಲ್ಲಿ ಮಂಡಿಯೂರಿ ಹೋರೇಸ್ ಬಿಟ್ಟ ಹಿಡಿಯನ್ನು ಹಿಡಿದಳು. ಆ ಊರಲ್ಲಿ ಹೆಂಗಸರು ಪೆಟ್ಟಿಗೆ ಹೊತ್ತದ್ದನ್ನು ಯಾರೂ ಕಂಡಿರಲಿಲ್ಲ.

"ಆ ಕಡೆ ಹಿಡ್ಕೋ ಅಕ್ಕಾ," ಎಂದಳು. "ಇವರು ನಮ್ಮ ಹುಡುಗರನ್ನ ಬಿಡೋವರೆಗೂ ಅವ್ವ ಯಾಕೆ ಕಾಯ್ಬೇಕು? ಎತ್ತು."